ಸಪ್ಲೈ ಮೀಟರ್ ನೋಡಿ ಆ ಸ್ಕ್ರೂ ಮುಟ್ಟಬೇಡಿ

ಮೇ ತಿಂಗಳಲ್ಲಿ ಬಳ್ಳಾರಿಯ ನನ್ನ ರಿಪೇರಿ ಅಂಗಡಿಗೆ ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್) ನಡೆಸುವ ಡ್ರೈವರ್ ಬೋರ್ಡ್‌ಗಳು ಜಾಸ್ತಿ ಬರುತ್ತವೆ. ಮೊನ್ನೆ ಕೌಲ್ ಬಜಾರ್ ಕಡೆಯ ಹುಡುಗನೊಬ್ಬ ಬಂದಿದ್ದ. ಜೀನ್ಸ್‌ಗೆ ರಟ್ಟಿನ ಪ್ಯಾಟರ್ನ್ ಕತ್ತರಿಸುವ ಸಣ್ಣ ಮೆಷಿನ್ ಅವನದು. ಬೋರ್ಡ್ ಮೇಲಿನ ಎ4988 ಡ್ರೈವರ್ ಚಿಪ್ ಸುಟ್ಟಿತ್ತು.

"ಮೋಟಾರ್ ಒಂದೂವರೆ ಆಂಪಿಂದು ಅಣ್ಣ. ಮೀಟರ್‌ನಾಗ ಕಾಲು ಆಂಪ್ ಅಷ್ಟೇ ಬರ್ತಿತ್ತು. ಅದಕ್ಕ ಸ್ಕ್ರೂ ಫುಲ್ ತಿರುವಿದೆ."

ಮೋಟಾರ್ ಕರೆಂಟಿಗೆ ಮಿತಿ ಇಡುವ ಸ್ಕ್ರೂ ಅದು. ಎಲ್ಲರೂ ಮಾಡೋ ತಪ್ಪು ಇದೇ. ಮೀಟರ್ ತೋರಿಸುವ, ಸಪ್ಲೈಯಿಂದ ಬರುವ ಕರೆಂಟು ಬೇರೆ, ಮೋಟಾರ್ ಕಾಯಿಲ್‌ನಲ್ಲಿ ಓಡುವ ಕರೆಂಟು ಬೇರೆ. ಡ್ರೈವರ್ ಸೆಕೆಂಡಿಗೆ ಸಾವಿರಾರು ಸಲ ಸಪ್ಲೈ ಕೊಟ್ಟು, ಕಟ್ ಮಾಡುತ್ತದೆ. ಕಟ್ ಆದಾಗಲೂ ಕಾಯಿಲ್‌ನಲ್ಲಿ ಕರೆಂಟು ಸುತ್ತುತ್ತಲೇ ಇರುತ್ತದೆ. ಲೆಕ್ಕ ನೋಡಿ. ಕಾಯಿಲ್ 2 ಓಮ್, ಮೋಟಾರ್ ನಿಂತಿದೆ, ಎರಡೂ ಕಾಯಿಲ್‌ನಲ್ಲಿ ತಲಾ ಸುಮಾರು 1 ಆಂಪಿಯರ್. ಕಾಯಿಲ್‌ಗಳಿಗೆ ಖರ್ಚಾಗುವುದು 4 ವ್ಯಾಟ್. 24 ವೋಲ್ಟ್ ಸಪ್ಲೈಯಿಂದ ಅಷ್ಟು ಎಳೆಯಲು 0.17 ಆಂಪಿಯರ್ ಸಾಕು. ಚಿಪ್ ತಿನ್ನುವುದನ್ನೂ ಸೇರಿಸಿದರೂ ಕಾಲು ಆಂಪಿಯರ್ ದಾಟುವುದಿಲ್ಲ. ಅಂದ್ರೆ ಹುಡುಗನ ಮೀಟರ್ ಸರಿಯಾಗೇ ಇತ್ತು, ಅಲ್ವಾ?

ಸ್ಕ್ರೂ ಏರಿಸಿದಾಗ ಚಿಪ್ ಕಾದು ತಾನೇ ನಿಲ್ಲುತ್ತದೆ, ತಣ್ಣಗಾದ ಮೇಲೆ ಮತ್ತೆ ಓಡುತ್ತದೆ. ಸ್ಟೆಪ್ ತಪ್ಪುತ್ತದೆ. ಶಕ್ತಿ ಸಾಲದು ಅಂತ ಇನ್ನಷ್ಟು ತಿರುಗಿಸುತ್ತಾರೆ!

ಅಳೆಯಬೇಕಾದ್ದು ಸ್ಕ್ರೂ ಮೇಲಿನ ವೋಲ್ಟೇಜ್, ಗ್ರೌಂಡ್‌ಗೆ ಹೋಲಿಸಿ. ಅದಕ್ಕೂ ಮುಂಚೆ ಚಿಪ್ ಪಕ್ಕದ ಪುಟ್ಟ ಕಪ್ಪು ರೆಸಿಸ್ಟರ್‌ಗೆ ಲೆನ್ಸ್ ಹಿಡಿಯಿರಿ. ಎ4988ರಲ್ಲಿ 1 ಆಂಪಿಯರ್ ಬೇಕಾದರೆ, ಅದರ ಮೇಲೆ ಆರ್100 (0.1 ಓಮ್) ಅಂತಿದ್ದಲ್ಲಿ 0.8 ವೋಲ್ಟ್. ಆರ್050 (0.05 ಓಮ್) ಇದ್ದಲ್ಲಿ 0.4 ವೋಲ್ಟ್ ಮಾತ್ರ. ಆರ್050 ಇರುವಾಗಲೂ 0.8 ವೋಲ್ಟ್ ಇಟ್ಟರೆ 2 ಆಂಪಿಯರ್, ಆ ಚಿಪ್ಪಿನ ಕೊನೆಯ ಮಿತಿ. ಡಿಆರ್‌ವಿ8825 ಅನ್ನೋ ಇನ್ನೊಂದು ಡ್ರೈವರ್ ಚಿಪ್ಪಿನ ಲೆಕ್ಕ ಬೇರೆ: ಆರ್100 ಇದ್ದರೆ 1 ಆಂಪಿಯರ್‌ಗೆ 0.5 ವೋಲ್ಟ್. ನಿಮ್ಮ ಬೋರ್ಡ್ ಬೇರೆ ತರಹದ್ದಾದರೆ ಅದರ ಡೇಟಾಶೀಟ್ (ತಯಾರಕರು ಕೊಡುವ ವಿವರ ಪತ್ರ) ನೋಡದೆ ಈ ಅಂಕಿ ಹಾಕಬೇಡಿ. ಪವರ್ ಇದ್ದಾಗ ಮೋಟಾರ್ ವೈರ್ ಅಂತೂ ಕೀಳಲೇಬೇಡಿ, ಚಿಪ್ ಹೋಗಬಹುದು.

ಹುಡುಗನಿಗೆ ಹೊಸ ಬೋರ್ಡ್ ಹಾಕಿ, 1 ಆಂಪಿಯರ್‌ಗೆ ಇಳಿಸಿ, ಸಣ್ಣ ಫ್ಯಾನ್ ಕೂರಿಸಿದೆ. ನಮ್ಮೂರ ಬಿಸಿಲಿಗೆ ಫ್ಯಾನ್ ಇಲ್ಲದೆ ಅದಕ್ಕಿಂತ ಮೇಲೆ ಹೋಗಲು ನನಗೆ ಧೈರ್ಯವಿಲ್ಲ. ಮೀಟರ್ ಮೊದಲಿಗಿಂತ ಕಡಿಮೆ ತೋರಿಸಿತು. ಅವನ ಕೈ ಮತ್ತೆ ಸ್ಕ್ರೂ ಕಡೆ ಹೋಯಿತು. ಕೈ ಹಿಡಿದು, ಒಂದು ಪ್ಯಾಟರ್ನ್ ಮುಗಿಯುವವರೆಗೆ ನಿಲ್ಲಿಸಿಕೊಂಡೆ. ಬ್ಲೇಡು ಜೇಬಿನ ಗೆರೆ ಸುತ್ತಿ, ಶುರುವಾದ ಜಾಗಕ್ಕೇ ಬಂದು ಕೂಡಿತು.