ಗೇಟು ತೆರೆಯಿತು, ಬಸ್ಸು ಬರಲಿಲ್ಲ

ಕೊರೊನಾ ಶುರುವಾದ ಮೇಲೆ ಪದವಿ ಕಾಲೇಜು ಮತ್ತೆ ತೆರೆದದ್ದು ಯಾವಾಗ ಅಂತ ಕೇಳಿದರೆ ಸರ್ಕಾರದ ಕಡತದಲ್ಲಿ ಉತ್ತರ ಇದೆ: 2020ರ ನವೆಂಬರ್ 17. ಶಿವಮೊಗ್ಗದಲ್ಲಿ ಪಾಠ ಮಾಡುವ ನನ್ನನ್ನು ಕೇಳಿದರೆ, ಅವತ್ತು ತೆರೆದದ್ದು ಗೇಟು ಮಾತ್ರ.

ಮುಚ್ಚಿದ್ದು ಒಂದೇ ಮಾತಿನಲ್ಲಿ. 2020ರ ಮಾರ್ಚ್ 13ರಂದು ಮುಖ್ಯಮಂತ್ರಿ ಯಡಿಯೂರಪ್ಪ ಒಂದು ವಾರದ ಬಂದ್ ಘೋಷಿಸಿದರು. ಹಾಸ್ಟೆಲ್ ಹುಡುಗರು ಎರಡು ಜೊತೆ ಬಟ್ಟೆ ಹಿಡಿದು ಊರಿಗೆ ಹೋದರು. ವಾರಕ್ಕೆ ಅಷ್ಟು ಸಾಕಲ್ವಾ? ನೋಟ್ಸು, ಬಕೆಟ್ಟು, ಹಾಸಿಗೆ ಎಲ್ಲ ರೂಮಿನಲ್ಲೇ ಉಳಿದವು.

ಆಗ ನಮ್ಮ ಜಿಲ್ಲೆ ಹಸಿರು ವಲಯ. ಮೇ 10ರಂದು ಹೊರರಾಜ್ಯದಿಂದ ಬಂದ 8 ಮಂದಿಗೆ ಸೋಂಕು ಗೊತ್ತಾಗುವ ತನಕ ಇಲ್ಲಿ ಒಂದೂ ಪ್ರಕರಣ ಇರಲಿಲ್ಲ. ರೋಗ ಇಲ್ಲದಿದ್ದರೂ ಕಾಲೇಜು ಇರಲಿಲ್ಲ. ಆನ್‌ಲೈನ್ ಪಾಠ ಅಂದರು. ಹೊಸನಗರ, ತೀರ್ಥಹಳ್ಳಿ ಕಡೆಯ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ಮಳೆ ಬಂದರೆ ಮೇಲೊಂದು ಟಾರ್ಪಾಲು. ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆ ಹೊತ್ತಿಗೆ ನೆಟ್‌ವರ್ಕ್ ಇಲ್ಲದಿದ್ದರೆ ಓಟೂ ಇಲ್ಲ ಅನ್ನುವ ಮಾತು ಹುಟ್ಟಿದ್ದು ಸುಮ್ನೆ ಅಲ್ಲ.

ನವೆಂಬರ್ 17ಕ್ಕೆ ತರಗತಿಗೆ ಬರಬೇಕಿದ್ದರೆ ಎರಡು ಕಾಗದ ಬೇಕಿತ್ತು. ಒಂದು, 72 ಗಂಟೆಯೊಳಗಿನ ಕೋವಿಡ್ ನೆಗೆಟಿವ್ ವರದಿ. ಇನ್ನೊಂದು, ಅಪ್ಪ ಅಮ್ಮನ ಒಪ್ಪಿಗೆ ಪತ್ರ. ಗಂಟಲ ದ್ರವ ಕೊಟ್ಟು, ವರದಿ ಬರುವಷ್ಟರಲ್ಲಿ 72 ಗಂಟೆಯೇ ಕರಗಿ ಹೋದರೆ ಏನು ಮಾಡುವುದು? ಹಾಜರಿ ಕಡ್ಡಾಯ ಇರಲಿಲ್ಲ, ಮನೆಯಲ್ಲೇ ಇದ್ದು ಆನ್‌ಲೈನ್ ಪಾಠ ಕೇಳಬಹುದಿತ್ತು. ಅವತ್ತು ನನ್ನ ತರಗತಿಯಲ್ಲಿ ಇದ್ದದ್ದು ನಾಲ್ಕೇ ಜನ. ಒಬ್ಬಳ ಒಪ್ಪಿಗೆ ಪತ್ರಕ್ಕೆ ಅಡಿಕೆ ಬೇಯಿಸಿದ ಚೊಗರಿನ ಕಲೆ ಅಂಟಿತ್ತು. ಕೊಯ್ಲಿನ ಕಾಲ, ಚೊಗರು ಮೆತ್ತಿದ ಕೈಯಲ್ಲೇ ಅಮ್ಮ ಸಹಿ ಹಾಕಿದ್ದರಂತೆ.

ಉಳಿದವರು ಯಾಕೆ ಬರಲಿಲ್ಲ? ಹೆದರಿಕೆ ಸ್ವಲ್ಪ, ಬಸ್ಸಿಲ್ಲದ್ದೇ ಜಾಸ್ತಿ. ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಕಾರ್ಮಿಕರೇ ಕಟ್ಟಿ ನಡೆಸುತ್ತಿದ್ದ ಕೊಪ್ಪದ ಸಹಕಾರ ಸಾರಿಗೆ ಕೊರೊನಾಗೂ ಮೊದಲೇ, 2020ರ ಫೆಬ್ರವರಿಯಲ್ಲಿ, ನಷ್ಟದಿಂದ ನಿಂತಿತ್ತು. ಲಾಕ್‌ಡೌನ್ ಬಂದ ಮೇಲೆ ಬಹಳಷ್ಟು ಮಾಲೀಕರು ಬಸ್ಸಿನ ದಾಖಲೆಗಳನ್ನು ಆರ್‌ಟಿಒಗೆ ಸರೆಂಡರ್ ಮಾಡಿದರು. ಹಾಗೆ ಮಾಡಿದರೆ ಬಸ್ಸು ನಿಂತಷ್ಟು ದಿನ ತೆರಿಗೆ ಕಟ್ಟಬೇಕಿಲ್ಲ. ಆದರೆ ಮತ್ತೆ ರಸ್ತೆಗಿಳಿಸಲು ತೆರಿಗೆ, ಡೀಸೆಲ್, ಸಂಬಳ ಎಲ್ಲ ಒಟ್ಟಿಗೇ ಬೇಕು. ಜನ ಇಲ್ಲ ಅಂತ ಬಸ್ಸಿಲ್ಲ, ಬಸ್ಸಿಲ್ಲ ಅಂತ ಜನ ಇಲ್ಲ. ಈ ಗಂಟು ಯಾವ ಮಾರ್ಗಸೂಚಿಯಲ್ಲೂ ಕಾಣಲಿಲ್ಲ.

2021ರ ಜನವರಿ 15ಕ್ಕೆ ಎಲ್ಲ ವರ್ಷದವರಿಗೂ ತರಗತಿ ಶುರುವಾಯಿತು. ಹಾಸ್ಟೆಲ್ ತೆರೆದದ್ದರಿಂದ ಬೆಂಚು ತುಂಬಿತು. ಏಪ್ರಿಲ್ 7ಕ್ಕೆ ಸಾರಿಗೆ ನೌಕರರ ಮುಷ್ಕರ, ಅದರ ಬೆನ್ನಿಗೇ ಎರಡನೇ ಅಲೆ. ಮತ್ತೆ ಬೀಗ.

ಜುಲೈ 26ರಂದು ತೆರೆದಾಗ ಕಾಗದ ಬದಲಾಗಿತ್ತು. ಈಗ ಕನಿಷ್ಠ ಒಂದು ಡೋಸ್ ಲಸಿಕೆಯ ಪ್ರಮಾಣಪತ್ರ. ಜೊತೆಗೆ ಗಾಳಿ ಆಡಲಿ, ಕಿಟಕಿ ತೆರೆದಿಡಿ ಅನ್ನುವ ಸೂಚನೆ. ಸರಿಯಾದ ಮಾತೇ, ಗಾಳಿ ಆಡದ ಕೋಣೆಯಲ್ಲಿ ವೈರಸ್ ಬೇಗ ಹರಡುತ್ತದೆ. ಆದರೆ ಜುಲೈ ಕೊನೆಯಲ್ಲಿ ಮಲೆನಾಡಿನ ಕಿಟಕಿ ತೆರೆದರೆ ಎರಚಲು ನೇರ ಹಾಜರಿ ಪುಸ್ತಕಕ್ಕೇ ಬೀಳುತ್ತದೆ! ಕಿಟಕಿ ಪಕ್ಕದ ಬೆಂಚು ಖಾಲಿ ಮಾಡಿ ಎಲ್ಲರೂ ನಡುವಿಗೆ ಸರಿದರು. ಅಂತರ ಕಾಯಲು ಹಾಕಿದ್ದ ಬಿಳಿ ಗುರುತುಗಳ ಮೇಲೆ ಕೊಡೆಗಳು ಕೂತವು.

ಮೂರನೇ ಅಲೆಯ ವಾರಾಂತ್ಯ ಕರ್ಫ್ಯೂ, ರಾತ್ರಿ ಕರ್ಫ್ಯೂ ಎರಡೂ 2022ರ ಜನವರಿಯೊಳಗೇ ಮುಗಿದವು. ಫೆಬ್ರವರಿಯಲ್ಲಿ ಕಾಲೇಜಿಗೆ ಮತ್ತೆ ಬೀಗ ಬಿತ್ತು. ಆ ಸಲದ ಕಾರಣ ಹಿಜಾಬ್ ವಿವಾದ, ಅದರ ಕಥೆಯೇ ಬೇರೆ. ಮಾರ್ಚ್ 31ಕ್ಕೆ ಕೇಂದ್ರ ಸರ್ಕಾರ ವಿಪತ್ತು ನಿರ್ವಹಣಾ ಕಾಯ್ದೆಯಡಿಯ ನಿರ್ಬಂಧಗಳನ್ನು ಕೈಬಿಟ್ಟಿತು.

ಏಪ್ರಿಲ್ ಬಂದರೂ ಹಿಂದಿನ ಬೆಂಚಿನ ಮೂವರು ದಿನಾ ಮೊದಲ ಪಾಠ ಮುಗಿಯುವ ಹೊತ್ತಿಗೆ ಬರುತ್ತಿದ್ದರು. ಒಂದು ದಿನ ಗದರಿಸಿದೆ.

"ಎಂಟು ಗಂಟೆ ಬಸ್ಸು ಇನ್ನೂ ಬಿಟ್ಟಿಲ್ಲ ಸರ್," ಅಂದರು.