ಮೀನಿನ ತೊಟ್ಟಿಯ ಎದುರು ಊಟ

ಮರೆಗುಳಿ ಕಾಯಿಲೆಯವರನ್ನು ತಟ್ಟೆಯ ಮುಂದೆ ಕೂರಿಸುವುದೇ ಕಷ್ಟ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ನ್ಯಾನ್ಸಿ ಎಡ್ವರ್ಡ್ಸ್ ಮತ್ತು ಆ್ಯಲನ್ ಬೆಕ್ ಇಂಥವರ ಆರೈಕೆ ಕೇಂದ್ರಗಳ ಊಟದ ಕೋಣೆಗೆ ಮೀನಿನ ತೊಟ್ಟಿ ತಂದಿಟ್ಟರು. 2002ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿದ್ದವರು ಆಲ್ಝೈಮರ್ ಎಂಬ ಮರೆಗುಳಿ ಕಾಯಿಲೆಯ 62 ಮಂದಿ. ಮೊದಲ ಎರಡು ವಾರಗಳಲ್ಲೇ ಅವರ ಊಟ ಶೇ. 21ರಷ್ಟು ಹೆಚ್ಚಿತು, ಮುಂದಿನ ಆರು ವಾರಗಳಲ್ಲಿ ಶೇ. 27ಕ್ಕೇರಿತು. 16 ವಾರಗಳಲ್ಲಿ ಸರಾಸರಿ ಮುಕ್ಕಾಲು ಕಿಲೋ ತೂಕವೂ ಬಂತು! ಎದ್ದೆದ್ದು ಅಡ್ಡಾಡುತ್ತಿದ್ದವರು ಮೀನು ನೋಡುತ್ತಾ ಕೂತರು, ಮಂಕಾಗಿದ್ದವರು ಚುರುಕಾದರು.

ಪ್ರಾಣಿ ಸಾಕಿದರೆ ಮರೆವೇ ವಾಸಿಯಾಗುತ್ತದೆ ಎನ್ನುವುದು ಮಾತ್ರ ಶುದ್ಧ ಸುಳ್ಳು. ಚಿಕಿತ್ಸೆಗಳ ಪುರಾವೆ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆ ಪ್ರಾಣಿ ಒಡನಾಟದ 9 ಪ್ರಯೋಗಗಳನ್ನು, 305 ರೋಗಿಗಳನ್ನು ಒಟ್ಟಿಗೆ ತೂಗಿ ನೋಡಿತು. ಖಿನ್ನತೆ ತುಸು ತಗ್ಗಬಹುದು, ಅಷ್ಟೆ. ಅದೂ ದುರ್ಬಲ ಪುರಾವೆ.

ಹಾಗಾದರೆ, ಬೆಕ್ಕಿನ ಬೆನ್ನು ಸವರಿದ್ದನ್ನು ಹತ್ತೇ ನಿಮಿಷದಲ್ಲಿ ಮರೆಯುವ ಅಜ್ಜಿಗೆ ಲಾಭವೇನು? ಸೊಗಸಿರುವುದೇ ಇಲ್ಲಿ. ನಡೆದದ್ದನ್ನು ದಾಖಲಿಸುವ, ಹಿಪ್ಪೋಕ್ಯಾಂಪಸ್ ಎಂಬ ಮಿದುಳಿನ ಭಾಗ ಈ ರೋಗದಲ್ಲಿ ಬೇಗ ಸವೆಯುತ್ತದೆ, ಆದರೆ ಭಾವನೆ ಉಳಿಯಲು ಆ ದಾಖಲೆ ಬೇಕಿಲ್ಲ. ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಆಲ್ಝೈಮರ್ ರೋಗಿಗಳಿಗೆ ನಗಿಸುವ, ಅಳಿಸುವ ಚಿತ್ರತುಣುಕುಗಳನ್ನು ತೋರಿಸಿದರು. ನೋಡಿದ್ದು ಮರೆತುಹೋಯಿತು, ಸಂತೋಷ ದುಃಖಗಳು ಉಳಿದವು. ಕಡಿಮೆ ನೆನಪಿದ್ದವರಲ್ಲಿ ದುಃಖ ಇನ್ನೂ ಹೆಚ್ಚು ಹೊತ್ತು ನಿಂತಿತು. ಒಲೆ ಆರಿಸಿದ ಮೇಲೂ ಕಾವಲಿ ಬಿಸಿ. ಇಂಗು ಮುಗಿದ ಮೇಲೂ ಡಬ್ಬಿ ಘಮ್ಮೆನ್ನುತ್ತದೆ. ಮಳೆ ನಿಂತರೂ ಮರದ ಹನಿ ನಿಲ್ಲದು. ಬೆಕ್ಕು ಹೊರಟುಹೋದರೂ ಅಜ್ಜಿಯ ಮಡಿಲಲ್ಲಿ ನೆಮ್ಮದಿ ಹಾಗೆ ತೊಟ್ಟಿಕ್ಕುತ್ತಿರುತ್ತದೆ. ಪ್ರಾಣಿಗಳ ಒಡನಾಟದ ಈ ಉಪಾಯ ಹಳೆಯದೇ. ಇಂಗ್ಲೆಂಡಿನ ಯಾರ್ಕ್‌ನಲ್ಲಿ 1796ರಲ್ಲಿ ತೆರೆದ 'ರಿಟ್ರೀಟ್' ಎಂಬ ಮನೋರೋಗಿಗಳ ಆಶ್ರಯದ ಅಂಗಳದಲ್ಲಿ ಮೊಲ, ಕೋಳಿಗಳನ್ನು ಬಿಟ್ಟಿದ್ದರು. ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟುತ್ತಿದ್ದ ಕಾಲವದು!

ಮನೆಯಲ್ಲಿ ತೊಟ್ಟಿ ಇಡುವುದಾದರೆ, ಕೂತವರ ಕಣ್ಣಿನ ಮಟ್ಟಕ್ಕೆ, ಅಲುಗಾಡದ ಮೇಜಿನ ಮೇಲಿರಲಿ. 40 ಲೀಟರ್ ನೀರೆಂದರೆ 40 ಕಿಲೋ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ಹಾಕಿ. ಮೀನಿನ ಆಹಾರದ ಡಬ್ಬಿ ಬೀಗದೊಳಗಿರಲಿ. ಹಾಕಿದ್ದನ್ನು ಮರೆತು ಅಜ್ಜ ಮತ್ತೆ ಮತ್ತೆ ಹಾಕಿದರೆ ಉಳಿದದ್ದು ಕೊಳೆತು ಅಮೋನಿಯಾ ಏರುತ್ತದೆ, ಮೀನು ಸಾಯುತ್ತವೆ. ತೊಟ್ಟಿ ಕತ್ತಲಾದಾಗ ಗಾಜಿನೊಳಗೆ ಕಾಣುವ ತಮ್ಮದೇ ಪ್ರತಿಬಿಂಬವನ್ನು ಯಾರೋ ಅಪರಿಚಿತರೆಂದು ಬೆದರುವವರೂ ಇದ್ದಾರೆ. ಸಂಜೆಯಾಗುತ್ತಲೇ ತೊಟ್ಟಿಯೊಳಗಿನ ದೀಪ ಹಾಕಿ.

ನಾಯಿಯೇ ಬೇಕೆಂದರೆ ಮರಿ ಬೇಡ, ಎರಡು ಮೂರು ವರ್ಷ ದಾಟಿದ ಶಾಂತ ನಾಯಿ ಇರಲಿ. ಕಾಲಿಗೆ ಸುತ್ತಿಕೊಂಡು ಬೀಳಿಸುವುದೇ ದೊಡ್ಡ ಅಪಾಯ. ಕೆಳಗೆ ಬಿದ್ದ ಮಾತ್ರೆಯನ್ನು ನಾಯಿ ನುಂಗಿಬಿಡುತ್ತದೆ, ಆದ್ದರಿಂದ ಮಾತ್ರೆ ಕೊಡುವಾಗ ಅದು ಇನ್ನೊಂದು ಕೋಣೆಯಲ್ಲಿರಲಿ. ರಕ್ತ ತೆಳುಮಾಡುವ ಔಷಧಿ ತೆಗೆದುಕೊಳ್ಳುವವರಿಗೆ ಉಗುರಿನ ಗೀರೂ ಸಣ್ಣದಲ್ಲ. ಕಚ್ಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ಅಂದೇ ವೈದ್ಯರ ಬಳಿ ಹೋಗಿ.

ರಾತ್ರಿ ಮೂರು ಸಲ ಎದ್ದ ಸೊಸೆಗೆ ಬೆಳಗಿನ ಆರಕ್ಕೆ ನಾಯಿಯನ್ನು ಸುತ್ತಾಡಿಸುವುದು ಇನ್ನೊಂದು ಹೊರೆ. ಆ ಕೆಲಸ ಯಾರದ್ದೆಂದು ನಾಯಿ ತರುವ ಮೊದಲೇ ಮನೆಯವರು ಹಂಚಿಕೊಳ್ಳಬೇಕು. ಯಾರೂ ಒಪ್ಪದಿದ್ದರೆ, ಪಕ್ಕದ ಮನೆಯ ನಾಯಿಯನ್ನು ವಾರಕ್ಕೆರಡು ದಿನ ಅರ್ಧ ಗಂಟೆ ಕರೆತಂದರೂ ಸಾಕು.