ಗದಗ ಓಡುತ್ತದೆ, ಹುಬ್ಬಳ್ಳಿ ನಿಲ್ಲುತ್ತದೆ: ಪೈಥಾನ್‌ನಲ್ಲಿ ಟೆಕ್ಸ್ಟ್ ಫೈಲ್ ಓದುವುದು

ಬ್ಯಾಡಗಿ ಮಾರುಕಟ್ಟೆಗೆ ಯಾವ ಊರಿಂದ ಎಷ್ಟು ಚೀಲ ಮೆಣಸಿನಕಾಯಿ ಬಂತು ಎಂದು ನೋಟ್‌ಪ್ಯಾಡ್‌ನಲ್ಲಿ ಬರೆದಿಟ್ಟಿದ್ದೀರಿ ಎಂದುಕೊಳ್ಳಿ. ಅಂಕಿಗಳು ಸುಮ್ನೆ ಅಭ್ಯಾಸಕ್ಕೆ, ನಿಜವಾದ ಆವಕವಲ್ಲ.

ಗದಗ,120
ಹಾವೇರಿ,85
ಹುಬ್ಬಳ್ಳಿ,210

ಇದನ್ನು ಓದಿ ಒಟ್ಟು ಚೀಲ ಲೆಕ್ಕ ಹಾಕಬೇಕು. ಕೋಡ್ ಇಷ್ಟೇ. ಪೈಥಾನ್‌ನ ಪದಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲೇ ಹಾಕಿ.

ಒಟ್ಟು = 0
ವಿತ್ ಓಪನ್("ಚೀಲ.ಟಿಎಕ್ಸ್‌ಟಿ", ಎನ್ಕೋಡಿಂಗ್="ಯುಟಿಎಫ್-8") ಆ್ಯಸ್ ಎಫ್:
    ಫಾರ್ ಸಾಲು ಇನ್ ಎಫ್:
        ಸಾಲು = ಸಾಲು.ಸ್ಟ್ರಿಪ್()
        ಇಫ್ ಸಾಲು == "":
            ಕಂಟಿನ್ಯೂ
        ಊರು, ಚೀಲ = ಸಾಲು.ಸ್ಪ್ಲಿಟ್(",")
        ಪ್ರಿಂಟ್(ಊರು, ಚೀಲ)
        ಒಟ್ಟು = ಒಟ್ಟು + ಇಂಟ್(ಚೀಲ)
ಪ್ರಿಂಟ್(ಒಟ್ಟು)

ಸಾಲು, ಊರು, ಚೀಲ, ಒಟ್ಟು ಎಂಬ ವೇರಿಯಬಲ್ ಹೆಸರುಗಳನ್ನು ಮಾತ್ರ ಹೀಗೆ ಕನ್ನಡದಲ್ಲೇ ಇಡಬಹುದು. ಪೈಥಾನ್ 3 ಅದಕ್ಕೆ ತಕರಾರು ಮಾಡುವುದಿಲ್ಲ. ಪರೀಕ್ಷೆಯಲ್ಲಿ ಮೇಷ್ಟ್ರು ಮಾಡಬಹುದು, ಅದು ಬೇರೆ ಮಾತು.

ವಿತ್ ಬಳಸಿದರೆ ಕೆಲಸ ಮುಗಿದ ಮೇಲೆ ಫೈಲ್ ತಾನಾಗಿ ಮುಚ್ಚಿಕೊಳ್ಳುತ್ತದೆ, ನಡುವೆ ಎರರ್ ಬಂದರೂ ಸಹ. ಫಾರ್ ಲೂಪ್ ಒಂದೊಂದೇ ಸಾಲು ಕೊಡುತ್ತದೆ. ಉತ್ತರ 415 ಬರಬೇಕು.

ಇನ್ನು ಎನ್ಕೋಡಿಂಗ್ ಭಾಗ, ಅಂದರೆ ಅಕ್ಷರಗಳನ್ನು ಫೈಲ್‌ನಲ್ಲಿ ಬೈಟ್‌ಗಳಾಗಿ ಇಡುವ ಪದ್ಧತಿ. ಎಷ್ಟೋ ಟಿಪ್ಪಣಿಗಳಲ್ಲಿ ಇದನ್ನು ಬಿಟ್ಟೇ ಬರೆದಿರುತ್ತಾರೆ. ಇಂಗ್ಲಿಷ್ ಡೇಟಾ ಇದ್ದರೆ ಬಿಟ್ಟರೂ ನಡೆಯುತ್ತದೆ. ನಮ್ಮ ಡೇಟಾ ಕನ್ನಡದಲ್ಲಿದೆ, ಅಲ್ವಾ? ಅದನ್ನು ಬಿಟ್ಟರೆ ಪೈಥಾನ್ ಆಯಾ ಕಂಪ್ಯೂಟರ್‌ನ ರೂಢಿಯ ಎನ್ಕೋಡಿಂಗ್ ಹಿಡಿಯುತ್ತದೆ. ಲ್ಯಾಬ್‌ನ ಉಬುಂಟುವಿನಲ್ಲಿ ಅದು ಯುಟಿಎಫ್-8. ಮನೆಯ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಸಿಪಿ1252 ಎಂಬ ಹಳೆಯ ಪಟ್ಟಿ. ಧಾರವಾಡದ ಲ್ಯಾಬ್‌ನಲ್ಲಿ ಚೆನ್ನಾಗಿ ಓಡಿದ ಪ್ರೋಗ್ರಾಂ ಗದಗದ ಮನೆಯಲ್ಲಿ ಕೈಕೊಡುವುದು ಇದಕ್ಕೇ.

ಹೇಗೆ ಕೈಕೊಡುತ್ತದೆ ಎಂದು ಹತ್ತಿರದಿಂದ ನೋಡಿ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕೊಂಬು, ದೀರ್ಘ, ಗುಡಿಸಿಗೂ ಬೇರೆ ಬೇರೆಯಾಗಿ 3 ಬೈಟ್ ಬೇಕು. ‘ಗದಗ’ ಅಂದರೆ 9 ಬೈಟ್. ಸಿಪಿ1252 ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಎಂದೇ ಓದುತ್ತದೆ. ಹಾಗಾಗಿ ಗದಗದ ಮೊದಲ ‘ಗ’ ಬದಲು ಮೇಲೆ ಗೀಟಿರುವ ಇಂಗ್ಲಿಷ್ ‘ಎ’, ಪುಟ್ಟದೊಂದು 2, ಒಂದು ಅಡ್ಡಗೆರೆ ಕಾಣುತ್ತವೆ. ಎರರ್ ಮಾತ್ರ ಬರುವುದಿಲ್ಲ.

ಆದರೆ ಆ ಪಟ್ಟಿಯ 256 ಮನೆಗಳಲ್ಲಿ 5 ಖಾಲಿ. ಬೈಟ್‌ಗಳನ್ನು 16ರ ಲೆಕ್ಕದಲ್ಲಿ (ಹೆಕ್ಸ್) ಬರೆದರೆ ನಮ್ಮ ಕೊಂಬಿನ ಕೊನೆಯ ಬೈಟ್ 81, ಒತ್ತಕ್ಷರ ಮಾಡುವ ಅರ್ಧಾಕ್ಷರ ಚಿಹ್ನೆಯ ಕೊನೆಯ ಬೈಟ್ 8ಡಿ. ಎರಡೂ ಖಾಲಿ ಮನೆಗಳೇ! ಹಾಗಾಗಿ ಗದಗ, ಹಾವೇರಿ, ಧಾರವಾಡ ಕೆಟ್ಟ ರೂಪದಲ್ಲಿ ದಾಟಿಬಿಡುತ್ತವೆ. ಹುಬ್ಬಳ್ಳಿ, ಬ್ಯಾಡಗಿ, ಕುಂದಗೋಳ ಬಂದರೆ ಯೂನಿಕೋಡ್ ಡಿಕೋಡ್ ಎರರ್. ಮೇಲಿನ ಫೈಲ್‌ಗೆ ‘ಪೊಸಿಷನ್ 43ರಲ್ಲಿ ಬೈಟ್ 81 ಓದಲಾಗಲಿಲ್ಲ’ ಎಂಬ ಅರ್ಥದ ಸಂದೇಶ ಬರುತ್ತದೆ. 0ಯಿಂದ ಎಣಿಸಿ: ಮೊದಲ ಸಾಲು 15 ಬೈಟ್, ಎರಡನೆಯದು 23, ವಿಂಡೋಸ್ ಸಾಲಿನ ಕೊನೆಗೆ ಹಾಕುವ ಎರಡೆರಡು ಬೈಟ್ ಸೇರಿ. 38ರಿಂದ ‘ಹ’, 41ರಿಂದ ಅದರ ಕೊಂಬು, 43 ಆ ಕೊಂಬಿನ ಕೊನೆಯ ಬೈಟ್. ಸರಿಯಾಗಿ ಹುಬ್ಬಳ್ಳಿಯ ‘ಹು’ಗೆ ಬಂದು ನಿಂತಿದೆ.

ಒಂದು ವಿಚಿತ್ರ: ತೊಂದರೆ ಮೂರನೇ ಸಾಲಿನಲ್ಲಿದ್ದರೂ ಮೊದಲ ಸಾಲು ಕೂಡ ಪ್ರಿಂಟ್ ಆಗುವುದಿಲ್ಲ. ಪೈಥಾನ್ ಫೈಲನ್ನು ದೊಡ್ಡ ತುಣುಕಾಗಿ ಎತ್ತಿಕೊಂಡು ಡಿಕೋಡ್ ಮಾಡುತ್ತದೆ, ಅಂದರೆ ಬೈಟ್‌ಗಳನ್ನು ಮತ್ತೆ ಅಕ್ಷರ ಮಾಡುತ್ತದೆ. ನಮ್ಮ ಪುಟ್ಟ ಫೈಲ್ ಇಡಿಯಾಗಿ ಮೊದಲ ತುಣುಕಿನಲ್ಲೇ ಬಂದುಬಿಡುತ್ತದೆ. ಆದ್ದರಿಂದ ಮೊದಲ ಸಾಲನ್ನೇ ತಿದ್ದುತ್ತ ಕೂರಬೇಡಿ.

ನನ್ನ ಪ್ರಕಾರ ಎರರ್ ಬರುವ ಹುಬ್ಬಳ್ಳಿಯೇ ವಾಸಿ. ಫೈಲ್‌ನಲ್ಲಿ ಗದಗ, ಹಾವೇರಿ ಎರಡೇ ಇದ್ದರೆ ಒಟ್ಟು 205 ಎಂದು ಸರಿಯಾಗಿಯೇ ಬರುತ್ತದೆ, ಒಟ್ಟನ್ನಷ್ಟೇ ನೋಡಿದರೆ ಹೆಸರು ಹಾಳಾಗಿದ್ದು ಗೊತ್ತೇ ಆಗುವುದಿಲ್ಲ. ಪೈಥಾನ್ 3.15ರಿಂದ ಯುಟಿಎಫ್-8 ತಾನಾಗಿ ರೂಢಿಯಾಗುತ್ತದೆ. ಆದರೂ ನಿಮ್ಮ ಕೋಡ್ ಹಳೆಯ ಆವೃತ್ತಿಯ ಮೇಲೂ ಓಡಬೇಕಲ್ಲ, ಬರೆದೇ ಬಿಡಿ.

ಎನ್ಕೋಡಿಂಗ್ ಬರೆದ ಮೇಲೂ ಕಪ್ಪು ಕಮಾಂಡ್ ಕಿಟಕಿಯಲ್ಲಿ ಚೌಕ ಚೌಕ ಕಂಡರೆ ಅದು ಫಾಂಟ್ ಸಮಸ್ಯೆ, ಪೈಥಾನ್ ಜೊತೆಗೇ ಬರುವ ಐಡಲ್‌ ಎಡಿಟರ್‌ನಲ್ಲಿ ಓಡಿಸಿ ನೋಡಿ. ‘ಗದಗ’ ಕಣ್ಣಿಗೆ ಸರಿಯಾಗಿ ಕಂಡರೂ ಹೋಲಿಸಿದಾಗ ಸಮ ಬರುತ್ತಿಲ್ಲವೇ? ಫೈಲ್ ಬಿಓಎಂ ಸಮೇತ ಸೇವ್ ಆಗಿರಬಹುದು. ಮೊದಲ ಸಾಲಿನ ಮುಂದೆ ಕಾಣದ ಅಕ್ಷರವೊಂದು ಕೂತಿರುತ್ತದೆ. ಎನ್ಕೋಡಿಂಗ್ ಅನ್ನು ಯುಟಿಎಫ್-8-ಎಸ್‌ಐಜಿ ಮಾಡಿದರೆ ಹೋಗುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಬರೆದ ಫೈಲ್ ಆದರೆ ಇದ್ಯಾವುದೂ ನಡೆಯದು. ಮೊದಲು ಯೂನಿಕೋಡ್‌ಗೆ ಬದಲಿಸಿಕೊಂಡು ಬನ್ನಿ.

ಉಳಿದಿದ್ದು ಚಿಲ್ಲರೆ. ಪ್ರತಿ ಸಾಲಿನ ಕೊನೆಗೆ ನ್ಯೂಲೈನ್ ಅಂಟಿರುತ್ತದೆ, ಸ್ಟ್ರಿಪ್ ಅದನ್ನು ಕಿತ್ತುಹಾಕುತ್ತದೆ. ಕೊನೆಯಲ್ಲಿ ಎಂಟರ್ ಜಾಸ್ತಿ ಒತ್ತಿ ಖಾಲಿ ಸಾಲು ಉಳಿದಿದ್ದರೆ ಸ್ಪ್ಲಿಟ್ ಕೊಡುವುದು ಒಂದೇ ತುಂಡು. ಎರಡು ಹೆಸರಿಗೆ ಹಂಚಲು ಹೋಗಿ ವ್ಯಾಲ್ಯೂ ಎರರ್ ಬರುತ್ತದೆ, ಅದಕ್ಕೇ ಕಂಟಿನ್ಯೂ ಇಟ್ಟಿದ್ದು. 1,200 ಎಂದು ಅಲ್ಪವಿರಾಮ ಹಾಕಿದರೆ ಮೂರು ತುಂಡಾಗಿ ಅದೇ ಎರರ್. ಕನ್ನಡ ಅಂಕಿಯಲ್ಲಿ ೧೨೦ ಎಂದು ಬರೆದರೆ? ಇಂಟ್ ಅದನ್ನು ಸಲೀಸಾಗಿ 120 ಮಾಡುತ್ತದೆ, ಪ್ರಯತ್ನಿಸಿ ನೋಡಿ.

ಫೈಲ್ ನಾಟ್ ಫೌಂಡ್ ಎರರ್ ಬಂದರೆ ಹೆಸರನ್ನು ಮೊದಲು ಅನುಮಾನಿಸಿ. ವಿಂಡೋಸ್ ಕೊನೆಯ ಟಿಎಕ್ಸ್‌ಟಿಯನ್ನು ಮುಚ್ಚಿಡುವುದರಿಂದ ಫೈಲ್ ಹೆಸರಲ್ಲಿ ಅದು ಎರಡು ಸಲ ಸೇರಿಕೊಂಡಿರಬಹುದು. ಹೆಸರು ಸರಿಯಿದ್ದರೆ ಫೋಲ್ಡರ್ ನೋಡಿ. ಪೈಥಾನ್ ಹುಡುಕುವುದು ನೀವು ಪ್ರೋಗ್ರಾಂ ಓಡಿಸಿದ ಫೋಲ್ಡರ್‌ನಲ್ಲಿ, ಕೋಡ್ ಫೈಲ್ ಇರುವ ಫೋಲ್ಡರ್‌ನಲ್ಲೇ ಎಂದೇನಿಲ್ಲ.